ಹದಿನಾರಕ್ಕೆ ಎರಡು ವರ್ಷ, ಮೂರಕ್ಕೆ ಎರಡು ಗಂಟೆ

ಶನಿವಾರ ಬೆಳಿಗ್ಗೆ ಡಬ್ಬಿಗೆ ಒಗ್ಗರಣೆ ಅವಲಕ್ಕಿ ತುಂಬಿಕೊಂಡು, ಎಲ್ಲಿಗೂ ಹೋಗುವ ಕೆಲಸವಿಲ್ಲದೆ, ಇಡೀ ದಿನ ಲೋಕಲ್ ರೈಲಿನಲ್ಲಿ ಓಡಾಡಿ ಸಂಜೆ ಮನೆಗೆ ಬರುತ್ತೇನೆ ಅಂದರೆ ಅಮ್ಮ ನಂಬುವುದಿಲ್ಲ. "ಯಾರನ್ನೋ ನೋಡ್ತಿದೀಯ ಅಂತ ನೇರವಾಗಿ ಹೇಳ್ಬಿಡು" ಅನ್ನುತ್ತಾಳೆ ಫೋನಿನಲ್ಲಿ. ನೋಡುತ್ತಿದ್ದದ್ದು ನಿಜ. ಒಬ್ಬರನ್ನಲ್ಲ, ಹದಿನಾರನ್ನು.

ನಾನಿರುವುದು ಇಂಗ್ಲೆಂಡಿನ ಲೀಡ್ಸಿನಲ್ಲಿ. ಇಲ್ಲಿ ಒಂದೇ ಮಾದರಿಯ ರೈಲುಗಳನ್ನು ಒಟ್ಟಾಗಿ ಕ್ಲಾಸ್ ಅನ್ನುತ್ತಾರೆ. ಗಾಡಿಯ ಮೂತಿಯ ಮೇಲೆ ಆರು ಅಂಕಿ. ಮೊದಲ ಮೂರು ಕ್ಲಾಸಿನದು, ಉಳಿದ ಮೂರು ಆ ಗಾಡಿಯದೇ. ಲೀಡ್ಸಿನಿಂದ ಸ್ಕಿಪ್ಟನ್, ಇಲ್ಕ್ಲಿ, ಬ್ರಾಡ್‌ಫರ್ಡ್ ಕಡೆಗೆ ಓಡುವ ಹಳೆಯ ಕರೆಂಟು ಗಾಡಿಗಳದ್ದು ಕ್ಲಾಸ್ 333. 2000ನೇ ಇಸವಿಯ ಹೊತ್ತಿಗೆ ಸ್ಪೇನಿನ ಕಂಪನಿಯೊಂದು ಸೀಮೆನ್ಸ್ ಜೊತೆ ಸೇರಿ ಕಟ್ಟಿದ್ದು. ಬಂದಾಗ ಮೂರು ಬೋಗಿ ಇತ್ತಂತೆ, ಆಮೇಲೆ ನಡುವೆ ಇನ್ನೊಂದು ಸೇರಿಸಿ ನಾಲ್ಕು ಮಾಡಿದರು. 333001ರಿಂದ 333016ರವರೆಗೆ, ಒಟ್ಟು ಹದಿನಾರು. ಹದಿನಾರರಲ್ಲೂ ಒಂದೊಂದು ಸಲ ಕೂತು ಪ್ರಯಾಣ ಮಾಡಿದರೆ ಕ್ಲಾಸ್ ಕ್ಲಿಯರ್. ಬಹುಮಾನ ಏನೂ ಇಲ್ಲ. ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯುತ್ತೀರಿ, ಅಷ್ಟೆ.

ಈ ಹುಚ್ಚಿಗೆ ಇಲ್ಲಿ ವಂಶವೃಕ್ಷವೇ ಇದೆ. 1942ರಲ್ಲಿ, ಯುದ್ಧದ ನಡುವೆ, ಸದರ್ನ್ ರೈಲ್ವೆಯ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಇಯಾನ್ ಆಲನ್ ಎಂಬ ಹುಡುಗ, ಎಂಜಿನ್ ನಂಬರ್ ಕೇಳಿ ಕಾಗದ ಬರೆಯುವವರಿಗೆ ಉತ್ತರ ಬರೆದು ಬರೆದು ಸಾಕಾಗಿ, ಎಲ್ಲ ನಂಬರುಗಳನ್ನೂ ಒಂದು ಪುಟ್ಟ ಪುಸ್ತಕ ಮಾಡಿ ಅಚ್ಚು ಹಾಕಿಸಿದ. ಅಲ್ಲಿಂದ ಮುಂದೆ ಒಂದು ಇಡೀ ತಲೆಮಾರಿನ ಹುಡುಗರು ಪ್ಲಾಟ್‌ಫಾರ್ಮಿನ ತುದಿಯಲ್ಲೇ ಬೆಳೆದರು. ಆ ಹುಡುಗರೇ ಈಗ ಅಜ್ಜಂದಿರು. ಶಿಪ್ಲಿ ಸ್ಟೇಷನ್ನಿನಲ್ಲಿ ಫ್ಲಾಸ್ಕು ಹಿಡಿದು ನಿಂತಿರುತ್ತಾರೆ. ಅವರ ನಡುವೆ ನಾನೊಬ್ಬಳು, ಅವಲಕ್ಕಿ ಡಬ್ಬಿಯವಳು.

ಶಿಪ್ಲಿಯೇ ಯಾಕೆ ಅಂದರೆ ಅದು ತ್ರಿಕೋನದ ಸ್ಟೇಷನ್. ಲೀಡ್ಸ್, ಬ್ರಾಡ್‌ಫರ್ಡ್, ಸ್ಕಿಪ್ಟನ್, ಮೂರೂ ದಿಕ್ಕಿನ ಹಳಿಗಳು ಕೂಡುವಲ್ಲಿ ಮೂರು ಬದಿಯಲ್ಲೂ ಪ್ಲಾಟ್‌ಫಾರ್ಮ್. ಬಹುತೇಕ ಎಲ್ಲ ಗಾಡಿಯೂ ಅಲ್ಲಿ ಸಿಗುತ್ತದೆ. ಲೀಡ್ಸಿನಿಂದ ನೇರ ಇಲ್ಕ್ಲಿಗೆ ಹೋಗುವುದು ಮಾತ್ರ ಮೊದಲೇ ಬೇರೆ ದಾರಿ ಹಿಡಿಯುತ್ತದೆ. ನನ್ನ ಹದಿನಾರನೆಯದು ತಿಂಗಳುಗಟ್ಟಲೆ ಆ ದಾರಿಯಲ್ಲೇ ಅಡಗಿತ್ತು. 333 ಬರುತ್ತದೆಂದು ಕಾದು ಕೂತರೆ ಹೊಸ 331 ಬರುತ್ತಿತ್ತು. ಒಮ್ಮೆಯಂತೂ ಬೇಕಾದದ್ದೇ ಬಂತು, ಆದರೆ ತ್ರಿಕೋನದ ಇನ್ನೊಂದು ಬದಿಗೆ. ಓಡಿ ಹೋಗುವಷ್ಟರಲ್ಲಿ ಬಾಗಿಲು ಮುಚ್ಚಿತು. ಕೊನೆಗೆ ಫೆಬ್ರವರಿಯ ಒಂದು ಸಂಜೆ, ಶಿಪ್ಲಿಯ ಪಕ್ಕದ ಸಾಲ್ಟೇರಿನಿಂದ ಮನೆಗೆ ಮರಳುವಾಗ, ಹುಡುಕದೇ ಇದ್ದಾಗ, ತಾನೇ ಬಂದು ಮುಂದೆ ನಿಂತಿತು. ಎರಡು ವರ್ಷದ ಬೇಟೆ ಕಾಲು ಗಂಟೆಯ ಆಸುಪಾಸಿನ ಪ್ರಯಾಣದಲ್ಲಿ ಮುಗಿಯಿತು. ಪಕ್ಕದಲ್ಲಿ ಕೂತಿದ್ದವನು ಚಿಪ್ಸ್ ತಿನ್ನುತ್ತಿದ್ದ.

ಇದನ್ನು ಬೆಂಗಳೂರಲ್ಲಿ ಹೇಳಿದಾಗ ನಗದೆ ಕೇಳಿದವರು ಒಬ್ಬರೇ, ನಮ್ಮ ಮಾಮ.

2025ರ ಆಗಸ್ಟಿನಲ್ಲಿ ಗೌರಿ ಹಬ್ಬಕ್ಕೆಂದು ಊರಿಗೆ ಹೋಗಿದ್ದೆ. ಮಾಮ ಜಯನಗರದಲ್ಲಿರುವುದು. ರೈಲ್ವೆಯಲ್ಲಿ ಸೆಕ್ಷನ್ ಕಂಟ್ರೋಲರ್ ಆಗಿ ರಿಟೈರಾದವರು. ಡ್ರೈವರನ್ನು ಎಲ್ಲರೂ ನೋಡಿರುತ್ತಾರೆ, ಗಾರ್ಡಿಗೆ ಹಸಿರು ಬಾವುಟ ಇರುತ್ತದೆ. ಕಂಟ್ರೋಲರ್ ಮಾತ್ರ ಯಾರ ಕಣ್ಣಿಗೂ ಬೀಳದೆ, ಕಿವಿಗೆ ಫೋನು ಸಿಕ್ಕಿಸಿಕೊಂಡು, ದೊಡ್ಡ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ರೈಲು ಓಡಿಸುವವರು. ಅಡ್ಡಕ್ಕೆ ಗಂಟೆ ನಿಮಿಷ, ಉದ್ದಕ್ಕೆ ಸ್ಟೇಷನ್ನುಗಳು. ಒಂದೊಂದು ಗಾಡಿಗೆ ಒಂದೊಂದು ಓರೆ ಗೆರೆ. ವೇಗದ ಗಾಡಿಯ ಗೆರೆ ಕಡಿದಾಗಿರುತ್ತದೆ, ಗೂಡ್ಸ್ ಗೆರೆ ಮಲಗಿರುತ್ತದೆ. ಮೈಸೂರು ಸೆಕ್ಷನ್ ಒಂಟಿ ಹಳಿಯಾಗಿದ್ದ ಕಾಲದಲ್ಲಿ ಎರಡು ಗೆರೆ ಸೇರುವ ಜಾಗ ಸ್ಟೇಷನ್ನಿನಲ್ಲೇ ಬರಬೇಕು, ಚನ್ನಪಟ್ಟಣದಲ್ಲೋ ಮದ್ದೂರಿನಲ್ಲೋ. ಅಲ್ಲಿ ಒಂದನ್ನು ಲೂಪಿಗೆ, ಅಂದರೆ ಪಕ್ಕದ ಹಳಿಗೆ, ಹಾಕಿ ಇನ್ನೊಂದನ್ನು ಬಿಡಬೇಕು. "ನಡುವೆ ಸೇರಿದ್ರೆ ಪೇಪರ್‌ನಲ್ಲಿ ಬರ್ತೀವಿ" ಅಂತ ಮಾಮ ನಗೆ ಇಲ್ಲದೆ ಹೇಳುತ್ತಿದ್ದರು.

"ಹದಿನಾರಕ್ಕೆ ಎರಡು ವರ್ಷವೇನೇ?" ಅಂದರು. "ಇಲ್ಲಿ ಹಳದಿ ಲೈನಿನಲ್ಲಿ ಮೂರೇ ಗಾಡಿ ಇರೋದು. ನಡಿ, ಅರ್ಧ ದಿನದಲ್ಲಿ ಮುಗಿಸೋಣ."

ಮೆಟ್ರೋ ಹಳದಿ ಮಾರ್ಗ ಆಗ ಬಿಸಿಬಿಸಿ. ಆಗಸ್ಟ್ 10ಕ್ಕೆ ಉದ್ಘಾಟನೆ, ಮರುದಿನದಿಂದ ಜನರಿಗೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್ ಚಿಲ್ಲರೆ, 16 ಸ್ಟೇಷನ್. ಗಾಡಿ ಮಾತ್ರ ಮೂರು, ಅದಕ್ಕೇ 25 ನಿಮಿಷಕ್ಕೊಂದು. ಒಂದು ಚೀನಾದಲ್ಲಿ ತಯಾರಾಗಿ ಹಡಗಿನಲ್ಲಿ ಬಂದದ್ದು, ಇನ್ನೆರಡು ಬಂಗಾಳದ ಉತ್ತರಪಾರಾದಿಂದ ಟ್ರೇಲರ್ ಲಾರಿಯ ಮೇಲೆ. ಒಟ್ಟು 15 ಬರಬೇಕಿತ್ತು. ಆಫೀಸಿಗೆ ಹೋಗುವವರೆಲ್ಲ 25 ನಿಮಿಷ ಅಂತ ಗೊಣಗುತ್ತಿದ್ದಾಗ ಇಡೀ ಬೆಂಗಳೂರಿನಲ್ಲಿ ಸಂತೋಷಪಟ್ಟ ಇಬ್ಬರು ನಾವೇ ಇರಬೇಕು.

ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಹಳೇ ಕ್ಯಾಲೆಂಡರ್ ಹಾಳೆ ಮಗುಚಿ ಹಾಕಿ ಮಾಮ ಸ್ಕೇಲು ಹಿಡಿದರು. ಈ ತುದಿಯಿಂದ ಆ ತುದಿಗೆ 35 ನಿಮಿಷ, ತಿರುಗಲು ಎರಡೂವರೆ. ಮೂರು ಗೆರೆ ಮೇಲಕ್ಕೆ ಹೋಗಿ, ತಿರುಗಿ, ಕೆಳಕ್ಕೆ ಬಂದವು. 75 ನಿಮಿಷಕ್ಕೆ ಒಂದು ಸುತ್ತು. ಗೆರೆಗಳು ಕತ್ತರಿಸಿದ ಕಡೆ ಮಾಮ ಸೊನ್ನೆ ಸುತ್ತಿದರು. ಸೊನ್ನೆ ಬಿದ್ದದ್ದು ಹೊಸ ರೋಡಿನ ಹತ್ತಿರ, ಹೊಂಗಸಂದ್ರದ ಹತ್ತಿರ.

"ಮೊದಲನೇದ್ರಲ್ಲಿ ಹೊಸ ರೋಡ್ ತನಕ ಹೋಗ್ತೀವಿ. ಇಳಿದು ಆಚೆ ಪ್ಲಾಟ್‌ಫಾರ್ಮ್‌ಗೆ ಹೋದ್ರೆ ಐದು ನಿಮಿಷಕ್ಕೆ ಎದುರಿಂದ ಇನ್ನೊಂದು. ಅದ್ರಲ್ಲಿ ವಾಪಸ್ ಹೊಂಗಸಂದ್ರ. ಇಳಿದು ಮತ್ತೆ ದಾಟಿದ್ರೆ ಮೂರನೇದು. 40 ನಿಮಿಷ."

"ರಿಟೈರಾಗಿ ಎಷ್ಟು ವರ್ಷವಾದ್ರೂ ಚಾರ್ಟ್ ಬಿಡಲಿಲ್ಲ ಇವರು" ಅಂದರು ಅತ್ತೆ, ಹಾಳೆ ಪಕ್ಕಕ್ಕೆ ಸರಿಸಿ ಮೊಸರಿನ ಪಾತ್ರೆ ಇಡುತ್ತ.

ಮರುದಿನ ಹನ್ನೊಂದರ ಹೊತ್ತಿಗೆ ಆರ್.ವಿ. ರಸ್ತೆಯಿಂದ ಹೊರಟೆವು. ಮಾಮನ ಷರ್ಟಿನ ಜೇಬಲ್ಲಿ ಮಡಚಿದ ಚಾರ್ಟು, ಪೆನ್ಸಿಲ್ಲು. ರಾಗಿಗುಡ್ಡ ದಾಟಿದ ಮೇಲೆ ಸಿಲ್ಕ್ ಬೋರ್ಡ್ ತನಕ ಒಂದೇ ಕಂಬದ ಮೇಲೆ ಎರಡು ಅಟ್ಟ. ಕೆಳಗಿನ ಅಟ್ಟದಲ್ಲಿ ಕಾರು ಬಸ್ಸು, ಮೇಲೆ ನಾವು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ದಿನಕ್ಕೆರಡು ಸಲ ಇದೇ ಸಿಲ್ಕ್ ಬೋರ್ಡಿನಲ್ಲಿ ಬಸ್ಸಿನೊಳಗೆ ನಿಂತು ಬೇಯುತ್ತಿದ್ದೆ. ಈಗ ಮೇಲಿಂದ ನೋಡಿದರೆ ಅಲ್ಲಿ ನಿಂತಿರುವವರು ಬೇರೆ ಜನ, ಟ್ರಾಫಿಕ್ಕು ಅದೇ. ಮಾಮ ಹೊರಗೆ ನೋಡಲೇ ಇಲ್ಲ. ಕೈಗಡಿಯಾರ ನೋಡುತ್ತ "ಬಿಟಿಎಂ ಎಂಟು ನಿಮಿಷ, ಸರಿ" ಅಂತ ಗುರುತು ಹಾಕುತ್ತಿದ್ದರು.

ಹೊಸ ರೋಡಿಗೆ ಹೇಳಿದ ನಿಮಿಷಕ್ಕೆ ಬಂದೆವು. ಚಾರ್ಟಿನಲ್ಲಿ ಇಲ್ಲದ ಒಂದು ವಿಷಯವಿತ್ತು, ಮಾಮನ ಮಂಡಿ. ಆಚೆ ಪ್ಲಾಟ್‌ಫಾರ್ಮಿಗೆ ಹೋಗಲು ಕೆಳಗಿಳಿದು ಮತ್ತೆ ಹತ್ತಬೇಕು. ಲಿಫ್ಟಿನ ಮುಂದೆ ಒಬ್ಬಾಕೆ ಮಗುವಿನ ಗಾಡಿ ಹಿಡಿದು ನಿಂತಿದ್ದಳು, ಅವಳನ್ನು ಮೊದಲು ಬಿಟ್ಟೆವು. ನಾವು ಮೇಲೆ ಬರುವುದಕ್ಕೂ ಎದುರು ಗಾಡಿಯ ಬಾಗಿಲು ಮುಚ್ಚುವುದಕ್ಕೂ ಸರಿಹೋಯಿತು. ಶಿಪ್ಲಿ ನೆನಪಾಯಿತು.

"ಮುಂದಿನದು?" ಅಂದೆ.

ಮಾಮ ಹಾಳೆ ಬಿಚ್ಚಿ ಬೆರಳಿಟ್ಟರು. ಈ ಬದಿಗೆ ಮುಂದೆ ಬರುವುದು ನಾವು ಈಗ ಇಳಿದ ಗಾಡಿಯೇ, ಬೊಮ್ಮಸಂದ್ರದಿಂದ ತಿರುಗಿಕೊಂಡು. ಅದರಲ್ಲಿ ಹತ್ತಿ ಏನು ಪ್ರಯೋಜನ? ಮತ್ತೆ ಲಿಫ್ಟು, ಮತ್ತೆ ಮೊದಲಿನ ಪ್ಲಾಟ್‌ಫಾರ್ಮು. ಅಲ್ಲಿ 20 ನಿಮಿಷ ಕೂರಬೇಕು.

ಸೆಕ್ಯೂರಿಟಿಯವನಿಗೆ ಅನುಮಾನ ಬಂದದ್ದು ತಪ್ಪಲ್ಲ. ವಯಸ್ಸಾದ ಒಬ್ಬರು, ಜೊತೆಗೆ ನೋಟ್‌ಬುಕ್ ಹಿಡಿದ ಹೆಂಗಸು, ಗಾಡಿಯಿಂದ ಇಳಿದು ಆ ಕಡೆ ಹೋಗಿ, ಏನೂ ಹತ್ತದೆ ಈ ಕಡೆ ಬಂದು ಕೂತಿದ್ದಾರೆ. ಬಂದು ಕೇಳಿದ, "ಎಲ್ಲಿಗ್ ಹೊಂಟೀರಿ ಸರ್?"

"ಎಲ್ಲಿಗೂ ಇಲ್ಲಪ್ಪ" ಅಂದರು ಮಾಮ ಪ್ರಾಮಾಣಿಕವಾಗಿ. ಅದರಿಂದ ಪರಿಸ್ಥಿತಿ ಇನ್ನಷ್ಟು ಹದಗೆಟ್ಟಿತು. ನಾನು ಮಧ್ಯೆ ಬಾಯಿ ಹಾಕಿ ಮೂರೂ ಗಾಡಿಯಲ್ಲಿ ಕೂರಬೇಕು, ನಂಬರ್ ಬರೆದುಕೊಳ್ಳಬೇಕು ಅಂದೆ. ಅವನು ಸ್ವಲ್ಪ ಹೊತ್ತು ಇಬ್ಬರ ಮುಖವನ್ನೂ ನೋಡಿದ.

"ಮೂರ ಅದಾವ್ರಿ ಮೇಡಂ. ಮುಂಜಾನಿಂದ ತಿರುಗಿ ತಿರುಗಿ ಅವ ಬರ್ತಾವ. ಒಂದು ಈಗ ಹೋತು, ಇನ್ನೊಂದು ಬರ್ತದ. ಮೂರನೇದು ಬೇಕಂದ್ರ ಕೊನೀ ಸ್ಟೇಷನ್ನಿಗೆ ಹೋಗಿ ಕುಂದರ್ರಿ, ಅದರ ಅಪ್ಪನೂ ಅಲ್ಲಿಗ ಬರಬೇಕು."

ಮಾಮ ಉತ್ತರ ಕೊಡಲಿಲ್ಲ. ಚಾರ್ಟು ಮಡಚಿ ಜೇಬಿಗಿಟ್ಟರು.

ಎರಡನೆಯದು ಬಂತು, ಬೊಮ್ಮಸಂದ್ರದ ತನಕ ಹೋದೆವು. ಒಂದೇ ಟೋಕನ್ನಿನಲ್ಲಿ ಗಂಟೆಗಟ್ಟಲೆ ಒಳಗೇ ಇರುವ ಹಾಗಿಲ್ಲವಾದ್ದರಿಂದ ಹೊರಬಿದ್ದು, ಹೊಸೂರು ರಸ್ತೆಯ ಪಕ್ಕದಲ್ಲಿ ಬೈ-ಟು ಕಾಫಿ ಕುಡಿದೆವು. ಮಾಮ ಅಷ್ಟರಲ್ಲಿ ಲೆಕ್ಕ ಹಾಕಿದ್ದರು. ಸುಮ್ಮನೆ ಮೊದಲ ಗಾಡಿಯಲ್ಲೇ ಇಲ್ಲಿಗೆ ಬಂದು, ಒಂದು ಸ್ಟೇಷನ್ ಹಿಂದೆ ಮುಂದೆ ಓಡಾಡಿದ್ದರೂ ಇಷ್ಟೇ ಹೊತ್ತಿಗೆ ಮುಗಿಯುತ್ತಿತ್ತು. ಒಂದು ನಿಮಿಷದ ಉಳಿತಾಯವೂ ಆಗಿಲ್ಲ.

"ಮತ್ತೆ ಚಾರ್ಟ್ ಯಾಕೆ ಮಾಮ?"

"ಚಾರ್ಟ್ ಇಲ್ದೆ ಬಂದಿದ್ರೆ ಅದು ಬರೀ ಕಾಫಿ ಕುಡಿಯೋಕೆ ಬಂದ ಹಾಗೆ ಕಣೇ" ಅಂದರು.

ಮೂರನೆಯದರಲ್ಲಿ ಮನೆ ಕಡೆ ಹೊರಟೆವು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಜನ ನುಗ್ಗಿದರು. ಮಾಮ ಕಿಟಕಿಗೆ ಒರಗಿ ಕಣ್ಣು ಮುಚ್ಚಿದರು. ನಿದ್ದೆ ಬಂತೆಂದುಕೊಂಡೆ. ಆದರೆ ಎದುರು ಹಳಿಯಲ್ಲಿ ಗಾಡಿ ದಾಟಿದಾಗಲೆಲ್ಲ ಕಣ್ಣು ತೆರೆಯದೆಯೇ ಎಡಗೈಯ ಬೆರಳು ಮಡಚುತ್ತಿದ್ದರು. ಎರಡು ಸಲ. ಆರ್.ವಿ. ರಸ್ತೆಯಲ್ಲಿ ಇಳಿದಾಗ ನೋಟ್‌ಬುಕ್ ಕೇಳಿ ಇಸಿದುಕೊಂಡು ಗೆರೆ ತಾವೇ ಎಳೆದರು, ಸ್ಕೇಲಿಲ್ಲದೆ, ನೆಟ್ಟಗೆ.

ನಾನು ಲೀಡ್ಸಿಗೆ ವಾಪಸಾದ ಕೆಲವೇ ದಿನಕ್ಕೆ, ಸೆಪ್ಟೆಂಬರಿನಲ್ಲಿ, ಮಾಮನ ಫೋನು. "ನಾಲ್ಕನೇದು ಬಿಟ್ರು ಕಣೇ. ಈಗ 19 ನಿಮಿಷಕ್ಕೊಂದು. ನಾಲ್ಕು ಹತ್ತೊಂಬತ್ತಲೆ 76, ನೋಡು, ಸುತ್ತು ಅಷ್ಟೇ. ನಿಮ್ಮತ್ತೇನ ಕರ್ಕೊಂಡು ಹೋಗಿದ್ದೆ. ನಿಂದು ಮೂರು, ನಂದು ನಾಲ್ಕು." ಹಿಂದೆಯೇ ವಾಟ್ಸ್ಯಾಪಿನಲ್ಲಿ ಹೊಸ ಚಾರ್ಟಿನ ಫೋಟೋ, ನಾಲ್ಕನೆಯ ಗೆರೆ ಕೆಂಪು ಪೆನ್ಸಿಲಿನಲ್ಲಿ.

ನವೆಂಬರಿನಲ್ಲಿ ಐದನೆಯದೂ ಬಂತು, ಅಂತರ 15 ನಿಮಿಷವಾಯಿತು. ಆ ಸಲ ಮಾಮ ಫೋನು ಕೂಡ ಮಾಡಲಿಲ್ಲ. ನಾನು ಶಿಪ್ಲಿಯಲ್ಲಿ ಚಳಿಗೆ ಕೈ ಉಜ್ಜುತ್ತ ನಿಂತಿದ್ದಾಗ ಒಂದು ಮೆಸೇಜು ಬಂತು. ಅದರಲ್ಲಿ ಇದ್ದದ್ದು ಇಷ್ಟೇ: 5.