ಜೇಡ್ ಸರ ತೊಳೆಯುವ ಮೊದಲು ದಾರ ನೋಡಿ

ಆಷಾಢ ಮುಗಿಯುತ್ತಾ ಬಂದ ಹಾಗೆ ನಮ್ಮ ಮನೆಗೆ ಒಡವೆಗಳು ಬರಲು ಶುರುವಾಗುತ್ತವೆ. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಎಲ್ಲರಿಗೂ ಸರ ಹೊಸದಾಗಿ ಪೋಣಿಸಿ ಕೊಡಬೇಕು. ಹನುಮಂತನಗರದಲ್ಲಿ ಮನೆಯಲ್ಲೇ ಕೂತು ಮುತ್ತು, ಹವಳ, ಕರಿಮಣಿ ಪೋಣಿಸುವುದು ನನ್ನ ಕೆಲಸ. ಈಚೆಗೆ ಇವುಗಳ ಜೊತೆ ಜೇಡ್ ಅನ್ನುವ, ಹೆಚ್ಚಾಗಿ ಹಸಿರು ಬಣ್ಣದ ಕಲ್ಲಿನ ಒಡವೆ ಜಾಸ್ತಿ ಬರುತ್ತಿದೆ. ಮಗಳು ಸಿಂಗಪುರದಿಂದ ತಂದ ಬಳೆ, ಬ್ಯಾಂಕಾಕ್ ಟೂರಿಗೆ ಹೋದಾಗ ಕೊಂಡ ಸರ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸಿಕ್ಕ ಪೆಂಡೆಂಟ್. ತಂದವರೆಲ್ಲ ಕೇಳುವುದು ಒಂದೇ ಮಾತು: "ಅಕ್ಕ, ಇದನ್ನ ಹೇಗೆ ತೊಳೀಬೇಕು?"

ಎಷ್ಟೋ ಜನ ಕೇಳುವ ಮೊದಲೇ ತೊಳೆದು ಬಿಟ್ಟಿರುತ್ತಾರೆ. ಚಿನ್ನಕ್ಕೆ ಮಾಡುವ ಹಾಗೆ ಅಂಟುವಾಳದ ನೀರಿನಲ್ಲಿ ಕುದಿಸಿ, ಬೆಳ್ಳಿಗೆ ಮಾಡುವ ಹಾಗೆ ಹುಣಸೆಹಣ್ಣು ತಿಕ್ಕಿ, ಅದೂ ಸಾಲದು ಅಂತ ಟೂತ್‌ಪೇಸ್ಟ್ ಹಚ್ಚಿ. ಜೇಡ್‌ಗೆ ಇದ್ಯಾವುದೂ ಬೇಡ. ಒಳ್ಳೆಯ ಜೇಡ್‌ಗೂ ಕೊನೆಯಲ್ಲಿ ತೆಳ್ಳಗೆ ಮೇಣ ಹಚ್ಚಿ ಹೊಳಪು ಕೊಟ್ಟಿರುವುದುಂಟು. ಕುದಿಯುವ ನೀರಿಗೆ ಬಿದ್ದರೆ ಆ ಮೇಣ ಹೋಗುತ್ತದೆ, ಕಲ್ಲು ಮಂಕಾಗುತ್ತದೆ. ಅಂಟುವಾಳ ಸೌಮ್ಯವೇ, ಆ ಕುದಿ ಬೇಡ ಅಷ್ಟೆ. ಹುಣಸೆಯ ಹುಳಿ, ಬೆಳ್ಳಿ ಉಜ್ಜುವ ಪುಡಿ, ಪೇಸ್ಟು ಮೂರನ್ನೂ ಜೇಡ್ ಹತ್ತಿರ ತರಬೇಡಿ. ಉಗುರುಬೆಚ್ಚನೆ ನೀರು, ಒಂದೆರಡು ಹನಿ ಸೌಮ್ಯವಾದ ಲಿಕ್ವಿಡ್ ಸೋಪು, ಮಗುವಿನ ಟೂತ್‌ಬ್ರಷ್‌ನಂಥ ಮೆತ್ತನೆ ಬ್ರಷ್. ಇಷ್ಟು ಸಾಕು.

ಕಲ್ಲಿನ ಬಗ್ಗೆ ಜನರಿಗೆ ಇರುವ ಭಯ ನೋಡಿದರೆ ನನಗೆ ಆಶ್ಚರ್ಯ. ಜೇಡ್ ತುಂಬಾ ಗಟ್ಟಿ ಜೀವ. ಜೇಡ್ ಅಂತ ಕರೆಯುವ ಕಲ್ಲುಗಳು ಎರಡು: ಜೇಡೈಟ್ ಮತ್ತು ನೆಫ್ರೈಟ್. ಇವೆರಡೂ ಬೇರೆ ಬೇರೆ ಅಂತ 1863ರಲ್ಲಿ ತೋರಿಸಿಕೊಟ್ಟವರು ಫ್ರಾನ್ಸಿನ ಅಲೆಕ್ಸಿ ದಾಮೂರ್. ಮ್ಯಾನ್ಮಾರಿನ ಕಚಿನ್ ರಾಜ್ಯದಿಂದ ಬರುವ ಕಡುಹಸಿರಿನದು ಜೇಡೈಟ್. ನೆಫ್ರೈಟ್‌ನ ಒಳಗೆ ಸಣ್ಣ ಸಣ್ಣ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅದಕ್ಕೇ ಅದು ಸುಲಭಕ್ಕೆ ಸೀಳುವುದಿಲ್ಲ. 1657ರಲ್ಲಿ ಷಹಜಹಾನನಿಗಾಗಿ ಬಿಳಿ ನೆಫ್ರೈಟ್‌ನಲ್ಲಿ ಮಾಡಿದ ಬಟ್ಟಲೊಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಫೋಟೋ ಸಿಕ್ಕರೆ ನೋಡಿ. ಹಿಡಿಯ ತುದಿಯಲ್ಲಿ ಆಡಿನ ತಲೆ, ಬಟ್ಟಲಿನ ಅಂಚು ಅಷ್ಟು ತೆಳ್ಳಗೆ. ಬೇರೆ ಕಲ್ಲಾಗಿದ್ದರೆ ಕೆತ್ತುವಾಗಲೇ ಚೂರಾಗುತ್ತಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ನಮ್ಮ ಅಭಿನವ್ ಬಿಂದ್ರಾ ಗೆದ್ದ ಚಿನ್ನದ ಪದಕದ ಹಿಂಬದಿಯಲ್ಲಿ ಕೂರಿಸಿರುವುದೂ ಬಿಳಿ ಜೇಡೇ. ಜೇಡ್ ತಂದವರಿಗೆಲ್ಲ ನಾನು ಇದನ್ನು ಹೇಳುತ್ತೇನೆ, ನನಗೆ ಅಷ್ಟು ಇಷ್ಟ ಆ ವಿಷಯ.

ಹಾಗಂತ ಗೀರು ಬೀಳುವುದೇ ಇಲ್ಲ ಅಂತಲ್ಲ. ಗಡಸುತನದ ಅಳತೆಯಲ್ಲಿ ವಜ್ರ 10, ಬೆಣಚುಕಲ್ಲು 7, ಜೇಡ್ 6ರಿಂದ 7ರ ನಡುವೆ. ನಮ್ಮ ರಸ್ತೆಯ ಧೂಳಿನಲ್ಲಿ ಇರುವುದು ಬೆಣಚಿನ ಪುಡಿಯೇ. ಬಸ್ಸಿನಲ್ಲೋ ಸ್ಕೂಟರಿನಲ್ಲೋ ಓಡಾಡಿ ಬಂದು, ಧೂಳು ಕೂತ ಪೆಂಡೆಂಟನ್ನು ಸೆರಗಿನಲ್ಲಿ ಗಸಗಸ ಒರೆಸಿದರೆ ಸಣ್ಣ ಗೀರುಗಳು ಗ್ಯಾರಂಟಿ. ಮೊದಲು ನೀರು ಹಾಯಿಸಿ, ಆಮೇಲೆ ಒರೆಸಿ. ವಜ್ರ, ಮಾಣಿಕ್ಯ, ನೀಲದ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಒಂದು ಮೆತ್ತನೆ ಬಟ್ಟೆಯ ಚೀಲ ಹೊಲಿದುಕೊಳ್ಳಿ. ಇನ್ನು ಜೇಡ್ ಬಳೆಯನ್ನು ಚಿನ್ನದ ಬಳೆಯ ಪಕ್ಕ ಹಾಕಿಕೊಂಡರೆ ಸವೆಯುವುದು ಚಿನ್ನ. 22 ಕ್ಯಾರೆಟ್ ಚಿನ್ನ ಜೇಡ್‌ಗಿಂತ ಎಷ್ಟೋ ಮೆತ್ತಗೆ.

ನೀರಿನ ವಿಷಯ ಬೆಂಗಳೂರಿನವರಿಗೆ ಬೇರೆಯಾಗಿಯೇ ಹೇಳಬೇಕು. ಕಾವೇರಿ ನೀರು ಬರುವ ಮನೆಗಳಲ್ಲಿ ತೊಂದರೆ ಕಡಿಮೆ. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಬಳಸುವವರ ಬಕೆಟ್ಟು, ನಲ್ಲಿ ನೋಡಿದ್ದೀರಲ್ಲ, ಬಿಳಿ ಕಟ್ಟಿರುತ್ತದೆ. ಅದೇ ಬಿಳಿ ಜೇಡ್ ಮೇಲೂ ಕಟ್ಟುತ್ತದೆ. ಗಡಸು ನೀರಿನಲ್ಲಿ ಬಾರ್ ಸೋಪು ಹಚ್ಚಿದರಂತೂ ಜಿಡ್ಡಿನಂಥ ಪೊರೆ ಕೂತುಬಿಡುತ್ತದೆ. "ಕಲ್ಲಿನ ಬಣ್ಣ ಹೋಯ್ತು ಅಕ್ಕ" ಅಂತ ತಂದವರ ಸರ ನೋಡಿದರೆ ಎಷ್ಟೋ ಸಲ ಈ ಪೊರೆಯೇ ಇರುತ್ತದೆ. ಅದನ್ನು ತೆಗೆಯಲು ವಿನೆಗರ್, ನಿಂಬೆಹುಳಿ ಹಾಕಬೇಡಿ. ಲಿಕ್ವಿಡ್ ಸೋಪಿನಲ್ಲಿ ತೊಳೆದು, ಕೊನೆಗೆ ಒಂದು ಲೋಟ ಕುಡಿಯುವ ಫಿಲ್ಟರ್ ನೀರಿನಲ್ಲಿ ಜಾಲಿಸಿ, ಕೂಡಲೇ ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿ.

ಈಗ ದಾರ. ನನ್ನ ಕೈಗೆ ಬರುವ ಜೇಡ್ ಸರಗಳಲ್ಲಿ ಕೆಟ್ಟಿರುವುದು ಹೆಚ್ಚಾಗಿ ಇದೇ. ಮಣಿಗೆ ತೂತನ್ನು ಸಾಮಾನ್ಯವಾಗಿ ಎರಡೂ ಕಡೆಯಿಂದ ಕೊರೆಯುತ್ತಾರೆ. ಎರಡೂ ತೂತು ನಡುವೆ ಸೇರುವ ಕಡೆ ಒಂದು ಸಣ್ಣ ಏಣು ಉಳಿಯುತ್ತದೆ. ತೂತಿನ ಬಾಯಿಯ ಅಂಚೂ ಹರಿತ. ನಾವು ನಡೆದಾಗ, ಬಗ್ಗಿದಾಗಲೆಲ್ಲ ಮಣಿ ಅಲುಗಾಡಿ ಆ ಅಂಚು ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಯ್ಯುತ್ತಾ ಹೋಗುತ್ತದೆ. ಹಳೇ ಸರ ಬಿಚ್ಚಿ, ದಾರವನ್ನು ಬಿಳಿ ಕಾಗದದ ಮೇಲೆ ಇಟ್ಟರೆ ಚೆನ್ನಾಗಿ ಕಾಣುತ್ತದೆ. ಗಂಟಿನ ಹತ್ತಿರ ಬೆವರು, ಪೌಡರ್, ಧೂಳು ಸೇರಿ ಕಪ್ಪಾಗಿರುತ್ತದೆ. ತೂತಿನ ಒಳಗಿದ್ದ ಭಾಗದಲ್ಲಿ ಎಳೆಗಳು ಕಿತ್ತು ಜುಂಗು ಎದ್ದಿರುತ್ತವೆ. ಕೆಲವು ಕಡೆ ಒಂದೆರಡು ಎಳೆಯ ಮೇಲೆ ಪೂರ್ತಿ ಸರ ನೇತಾಡುತ್ತಿರುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸರದ ಎರಡು ಮಣಿ ಹಿಡಿದು ಮೆಲ್ಲಗೆ ದೂರ ಸರಿಸಿ. ಗಂಟಿಗೂ ಮಣಿಗೂ ನಡುವೆ ದಾರ ಕಂಡರೆ ಅದು ಜಗ್ಗಿದೆ ಅಂತ ಅರ್ಥ. ಕೊಂಡಿಯ ಪಕ್ಕದ ಮಣಿಗಳನ್ನು ಮೊದಲು ನೋಡಿ, ಕೈ ಜಾಸ್ತಿ ಆಡುವುದು ಅಲ್ಲೇ. ದಿನಾ ಹಾಕುವ ಸರವಾದರೆ ವರ್ಷಕ್ಕೊಮ್ಮೆ ದಾರ ಬದಲಾಯಿಸಿ. ಹಬ್ಬ, ಮದುವೆಗೆ ಮಾತ್ರ ಹಾಕುವುದಾದರೆ ಎರಡು ಮೂರು ವರ್ಷ ನಡೆಯುತ್ತದೆ. ಪೋಣಿಸುವವರಿಗೆ ಪ್ರತಿ ಮಣಿಗೂ ಗಂಟು ಹಾಕಿ ಅಂತ ಹೇಳಿ. ಸಮಯ ಹಿಡಿಯುತ್ತದೆ, ಕೂಲಿಯೂ ಸ್ವಲ್ಪ ಜಾಸ್ತಿ. ಆದರೆ ಮಣಿ ಮಣಿಗೆ ಉಜ್ಜುವುದಿಲ್ಲ, ದಾರ ಹರಿದರೂ ಬೀಳುವುದು ಒಂದೇ ಮಣಿ. ಎಂಟನೇ ಮೈನ್ ರಸ್ತೆಯ ತುಂಬಾ ಮಣಿ ಹುಡುಕುವ ಕಷ್ಟ ತಪ್ಪುತ್ತದೆ. ಎಲಾಸ್ಟಿಕ್ ಬ್ರೇಸ್‌ಲೆಟ್ಟಿಗೂ ಇದೇ ಮಾತು. ಬೆವರು, ಬಿಸಿಲಿಗೆ ಎಲಾಸ್ಟಿಕ್ ಸಡಿಲವಾಗುತ್ತದೆ. ಸಡಿಲ ಅನ್ನಿಸಿದ ದಿನವೇ ಬದಲಾಯಿಸಿ.

ಸರ ತೊಳೆದ ಮೇಲೆ ಮೊಳೆಗೆ ನೇತು ಹಾಕಬೇಡಿ. ಒದ್ದೆ ರೇಷ್ಮೆ ಭಾರಕ್ಕೆ ಜಗ್ಗುತ್ತದೆ. ಟವೆಲ್ ಮೇಲೆ ಉದ್ದಕ್ಕೆ ಮಲಗಿಸಿ ರಾತ್ರಿಯಿಡೀ ಬಿಡಿ. ಕುತ್ತಿಗೆಗೆ ಅರಿಶಿನ ಹಚ್ಚಿಕೊಳ್ಳುವವರು ಅದು ಒಣಗಿದ ಮೇಲೆ ಸರ ಹಾಕಿಕೊಳ್ಳಿ. ಕಲ್ಲಿನ ಮೇಲಿನ ಅರಿಶಿನ ಹೋಗುತ್ತದೆ, ದಾರಕ್ಕೆ ಹತ್ತಿದ್ದು ಹೋಗಲ್ಲ. ಸೆಂಟು, ಹೇರ್ ಸ್ಪ್ರೇ ಕೂಡ ಹಾಗೇ. ಎಲ್ಲ ಅಲಂಕಾರ ಮುಗಿದ ಮೇಲೆ ಕೊನೆಗೆ ಜೇಡ್.

ಎಲ್ಲ ಜೇಡೂ ಒಂದೇ ಅಲ್ಲ ಅನ್ನುವುದನ್ನೂ ತಿಳಿದಿರಬೇಕು. ವ್ಯಾಪಾರದಲ್ಲಿ ಎ, ಬಿ, ಸಿ ಅಂತ ವಿಂಗಡಿಸುತ್ತಾರೆ. ಮೇಣ ಬಿಟ್ಟು ಬೇರೇನೂ ಹಾಕದ್ದು ಎ. ಆಸಿಡ್‌ನಲ್ಲಿ ಕಲೆ ತೆಗೆದು ಒಳಗೆ ರಾಳ ತುಂಬಿದ್ದು ಬಿ. ಬಣ್ಣ ಹಾಕಿದ್ದು ಸಿ. ಬಿ ನೋಡಲು ಲಕಲಕ ಅಂತಿರುತ್ತದೆ, ಆದರೆ ವರ್ಷ ಕಳೆದಂತೆ ಆ ರಾಳ ಹಳದಿ ತಿರುಗಬಹುದು. ಆಸಿಡ್‌ನಿಂದ ಕಲ್ಲಿನ ಬಲವೂ ಕುಂದಿರುತ್ತದೆ. ಕೆಲವು ಸಲ ಅದು ಜೇಡೇ ಆಗಿರುವುದಿಲ್ಲ. 'ಇಂಡಿಯನ್ ಜೇಡ್' ಅಂತ ಮಾರುವುದು ಅವೆಂಚುರಿನ್ ಅನ್ನುವ ಬೇರೆ ಕಲ್ಲು, 'ಮಲೇಶಿಯಾ ಜೇಡ್' ಅನ್ನುವುದು ಬಣ್ಣ ಹಾಕಿದ ಬೆಣಚುಕಲ್ಲು. ಅವೂ ಚೆಂದವೇ, ಹಾಕಿಕೊಳ್ಳಿ. ಬಣ್ಣ ಹಾಕಿದ್ದನ್ನು ಬಿಸಿಲಿನಲ್ಲಿ ಒಣಗಿಸಬೇಡಿ. ನಿಮ್ಮದು ಯಾವುದು ಅಂತ ಗೊತ್ತಿಲ್ಲದಿದ್ದರೆ ಬಿ ಅಂತಲೇ ತಿಳಿದು ನೋಡಿಕೊಳ್ಳುವುದು ಕ್ಷೇಮ. ಅಂಗಡಿಯವರು ಅಲ್ಟ್ರಾಸಾನಿಕ್ ಮಷಿನ್ನಿಗೆ ಹಾಕಿ ತೊಳೆದುಕೊಡುತ್ತೇವೆ ಅಂದರೆ ಬೇಡ ಅನ್ನಿ. ಸ್ಟೀಮ್ ಕೂಡ ಬೇಡ. ಉಂಗುರ ದೊಡ್ಡದು ಮಾಡಿಸುವಾಗ ಕಲ್ಲು ಬಿಚ್ಚಿ ಆಮೇಲೆ ಬೆಸುಗೆ ಹಾಕಿ ಅಂತ ಮೊದಲೇ ಹೇಳಿ. ನನ್ನ ಹತ್ತಿರ ಬರುವ ಒಬ್ಬ ಆಂಟಿಯ ಉಂಗುರಕ್ಕೆ ಒಂದು ಅಂಗಡಿಯಲ್ಲಿ ಕಲ್ಲಿದ್ದ ಹಾಗೇ ಬೆಂಕಿ ಹಿಡಿದರು. ಹಸಿರು ಕಲ್ಲಿನ ಅಂಚು ಕಂದು ಬಣ್ಣಕ್ಕೆ ತಿರುಗಿತು. ಅದು ಅವರ ಅತ್ತೆ ಕೊಟ್ಟದ್ದು. ಅವರ ಮುಖ ನೋಡಿ ನನಗೂ ಸಂಕಟವಾಯಿತು.

ಬಳೆಗೆ ಅಡುಗೆಮನೆಯ ಗ್ರಾನೈಟ್ ಕಟ್ಟೆಯೇ ಶತ್ರು. ಪಾತ್ರೆ ತೊಳೆಯುವಾಗ, ರುಬ್ಬುವಾಗ ತೆಗೆದಿಡಿ. ಬಿಗಿಯಾಗಿದ್ದರೆ ಎಳೆದಾಡಬೇಡಿ. ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿ, ಮೇಲೆ ಸೋಪಿನ ನೀರು ಸವರಿ ಜಾರಿಸಿದರೆ ಬರುತ್ತದೆ. ಕೆಳಗೆ ಮಡಿಸಿದ ಹೊದಿಕೆ ಇರಲಿ. ಎಲ್ಲಾದರೂ ಬಡಿದರೆ ಮೊಬೈಲ್ ಟಾರ್ಚ್ ಹಿಂದಿನಿಂದ ಹಿಡಿದು ನೋಡಿ. ಬಿರುಕಿನಂತೆ ಕಂಡದ್ದರ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಬಿರುಕು, ಸಿಕ್ಕದಿದ್ದರೆ ಬಹುಶಃ ಕಲ್ಲಿನದೇ ಗೆರೆ. ಮುರಿದೇ ಹೋದರೂ ಬಿಸಾಡಬೇಡಿ. ಮುರಿದ ತುದಿಗಳಿಗೆ ಚಿನ್ನದ ಕಟ್ಟು ಹಾಕಿ ಸೇರಿಸುವ ಪದ್ಧತಿ ಚೀನಾದಲ್ಲಿ ಇದೆ. ನಗರ್ತಪೇಟೆಯ ಕಡೆ ಸೂಕ್ಷ್ಮ ಕೆಲಸ ಮಾಡುವ ಅಕ್ಕಸಾಲಿಗರಿಗೆ ಇದು ಕಷ್ಟವೇನಲ್ಲ. ಕಟ್ಟನ್ನು ಬೇರೆಯಾಗಿ ಮಾಡಿ, ತಣ್ಣಗಾದ ಮೇಲೆ ಕಲ್ಲಿಗೆ ಕೂರಿಸಿ ಅಂಟಿಸಿ ಅಂತ ಬಿಡಿಸಿ ಹೇಳಿ.