ಫೋಟೋ ಇಲ್ಲ, ದಯವಿಟ್ಟು ಕೇಳಬೇಡಿ

"ನೀವು ಅಧ್ಯಯನ ಮಾಡುವ ನಕ್ಷತ್ರದ ಫೋಟೋ ಇದೆಯೇ?" ಎಂದು ಕೇಳುವವರಿಗೆಲ್ಲ ಇನ್ನು ಮುಂದೆ ಇದನ್ನೇ ಕಳುಹಿಸುತ್ತೇನೆ. ಇಲ್ಲ. ನನ್ನ ಬಳಿ ಮಾತ್ರವಲ್ಲ, ಯಾರ ಬಳಿಯೂ ಇಲ್ಲ.

ನಾನು ಹೆಚ್ಚು ಹೊತ್ತು ಕಳೆಯುವುದು 4ಯು 1820-30 ಎಂಬ ನಕ್ಷತ್ರ ಜೋಡಿಯೊಂದಿಗೆ. ಧನು ರಾಶಿಯ ದಿಕ್ಕಿನಲ್ಲಿ, ಸುಮಾರು 26,000 ಜ್ಯೋತಿರ್ವರ್ಷ ದೂರದ ನಕ್ಷತ್ರಗುಚ್ಛವೊಂದರೊಳಗೆ, ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಗಲದ ನ್ಯೂಟ್ರಾನ್ ನಕ್ಷತ್ರವೂ (ಸಿಡಿದ ದೊಡ್ಡ ನಕ್ಷತ್ರದ ಅತಿ ದಟ್ಟವಾದ ತಿರುಳು) ಅದಕ್ಕೆ ತನ್ನ ಹೀಲಿಯಂ ಕಳೆದುಕೊಳ್ಳುತ್ತಿರುವ ಪುಟ್ಟ ಶ್ವೇತಕುಬ್ಜವೂ (ಇಂಧನ ಮುಗಿದ ನಕ್ಷತ್ರದ ಉಳಿಕೆ) 685 ಸೆಕೆಂಡಿಗೊಮ್ಮೆ ಪರಸ್ಪರ ಸುತ್ತು ಹಾಕುತ್ತವೆ. ಅಂದರೆ ದಿನಕ್ಕೆ ಸುಮಾರು 126 ಸುತ್ತು. ಎರಡರ ನಡುವಿನ ಅಂತರ ನಮಗೂ ಚಂದ್ರನಿಗೂ ಇರುವ ಅಂತರದ ಮೂರನೆಯ ಒಂದು ಭಾಗದಷ್ಟು. ಅಷ್ಟು ದೂರದಿಂದ ಅವನ್ನು ಬೇರೆಬೇರೆಯಾಗಿ ತೋರಿಸುವ ದೂರದರ್ಶಕ ಇಲ್ಲ. ಅದು ಸೂಸುವ ಕ್ಷ-ಕಿರಣಗಳನ್ನು ವಾಯುಮಂಡಲ ಮೇಲೆಯೇ ಹೀರಿಬಿಡುವುದರಿಂದ, ರಾತ್ರಿ ತಾರಸಿಯ ಮೇಲೆ ನಿಂತು ನಾನು ಏನನ್ನೂ ನೋಡುವುದಿಲ್ಲ.

ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ, ಎಲೆಗೆ ಕೋಸಂಬರಿ ಬೀಳುವ ಮೊದಲೇ, ಪಕ್ಕದ ಹಿರಿಯರೊಬ್ಬರು ವಾಟ್ಸ್ಆ್ಯಪ್‌ನಲ್ಲಿ ಬಂದ ಬಣ್ಣಬಣ್ಣದ ನೀಹಾರಿಕೆಯನ್ನು ತೋರಿಸಿ, "ಇಂಥದ್ದು ನಿಮ್ಮದೂ ಒಂದು ತೋರ್ಸಮ್ಮಾ" ಎಂದರು. ಫೋನಿನಲ್ಲಿದ್ದ, ಆ ಜೋಡಿಯ ಕ್ಷ-ಕಿರಣ ಪ್ರಕಾಶದ ಏರಿಳಿತದ ನಕ್ಷೆಯನ್ನು ತೋರಿಸಿದೆ. "ಇದು ಇಸಿಜಿ ಅಲ್ವೇ? ಯಾರಿಗೆ ಹುಷಾರಿಲ್ಲ?" ಎಂದು ಕೇಳಿದವರು, ನಾನು ವಿವರಿಸಿದ ಮೇಲೆ ಸುತ್ತಲಿನವರಿಗೆಲ್ಲ ಕೇಳುವಂತೆ, "ಕಾಣದ್ದನ್ನ ನಂಬೋದಾದ್ರೆ ನಮ್ಮ ದೇವರೇನು ತಪ್ಪು ಮಾಡಿದ್ದ?" ಎಂದು ತೀರ್ಪು ಕೊಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ನನಗೆ ನಗು ಬಂದಿರಲಿಲ್ಲ.

ನಂಬಿಕೆಯ ಮಾತು ಇಲ್ಲಿ ಬರುವುದೇ ಇಲ್ಲ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಮೇಲೇರಿದ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲಿರುವ ಲ್ಯಾಕ್ಸ್‌ಪಿಸಿ ಉಪಕರಣಕ್ಕೆ ಚಿತ್ರ ತೆಗೆಯಲು ಬರುವುದಿಲ್ಲ. ಅದನ್ನು ಅದಕ್ಕಾಗಿ ಮಾಡಿಯೂ ಇಲ್ಲ. ಅದು ಕ್ಸೆನಾನ್ ಅನಿಲ ತುಂಬಿದ ಪೆಟ್ಟಿಗೆ. ಆಕಾಶದ ಸುಮಾರು ಒಂದು ಡಿಗ್ರಿಯಷ್ಟು ಭಾಗದಿಂದ ಬಂದ ಕ್ಷ-ಕಿರಣದ ಕಣ ಒಳಹೊಕ್ಕು ಒಂದು ಪರಮಾಣುವಿಗೆ ಬಡಿದಾಗ ಎಲೆಕ್ಟ್ರಾನುಗಳು ಸಿಡಿದು, ತಂತಿಯ ಬಳಿ ಹಲವು ಪಟ್ಟು ಹೆಚ್ಚಿ, ಒಂದು ವಿದ್ಯುತ್ ಮಿಡಿತವಾಗುತ್ತದೆ. ಆ ಮಿಡಿತ ಎಷ್ಟು ಗಂಟೆಗೆ ಬಂತು ಎಂಬುದನ್ನು 10 ಮೈಕ್ರೋಸೆಕೆಂಡಿನ ನಿಖರತೆಯಲ್ಲಿ ಬರೆದಿಡುವುದೇ ಅದರ ಕೆಲಸ. ನನ್ನ ಕೈಗೆ ಬರುವುದು ವೇಳೆಗಳ ಉದ್ದನೆಯ ಪಟ್ಟಿ.

ಆ ಹಿರಿಯರು ಕೇಳಬೇಕಿದ್ದ ಪ್ರಶ್ನೆ ಬೇರೆಯೇ ಇತ್ತು: ಆ ಏರಿಳಿತ ನಕ್ಷತ್ರದ್ದೇ ಹೊರತು ನಿಮ್ಮ ಉಪಗ್ರಹದ್ದಲ್ಲ ಎಂದು ಹೇಗೆ ಗೊತ್ತು?

ಇದು ನಿಜವಾಗಿ ನಿದ್ದೆ ಕೆಡಿಸುವ ಪ್ರಶ್ನೆ, ಏಕೆಂದರೆ 685 ಸೆಕೆಂಡಿನ ಆ ಏರಿಳಿತ ಒಟ್ಟು ಪ್ರಕಾಶದ ಶೇಕಡಾ 3ರಷ್ಟು ಮಾತ್ರ. ಸುಮಾರು 650 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಆಸ್ಟ್ರೋಸ್ಯಾಟ್‌ಗೆ ಪ್ರತಿ ಸುತ್ತಿನಲ್ಲೂ ಭೂಮಿ ಅಡ್ಡ ಬರುತ್ತದೆ. ದಕ್ಷಿಣ ಅಟ್ಲಾಂಟಿಕ್‌ನ ಮೇಲೆ ಹಾಯುವಾಗ ವಿದ್ಯುದಾವೇಶದ ಕಣಗಳ ಹಾವಳಿ ಬೇರೆ. ಹೀಗೆ ತುಂಡುತುಂಡಾದ ದತ್ತಾಂಶದಲ್ಲಿ ಉಪಗ್ರಹದ ಲಯವೇ ನಕ್ಷತ್ರದ ಲಯದಂತೆ ನಟಿಸಬಲ್ಲದು. ಇದರ ಮೇಲೆ ಭೂಮಿಯೂ ಸೂರ್ಯನನ್ನು ಸುತ್ತುವುದರಿಂದ ಕಿರಣಗಳು ನಮ್ಮನ್ನು ತಲುಪುವ ವೇಳೆ ವರ್ಷದೊಳಗೆ ಸುಮಾರು 500 ಸೆಕೆಂಡು ಹಿಂದೆಮುಂದೆ ಆಗುತ್ತದೆ. ಪ್ರತಿ ಕಣದ ವೇಳೆಯನ್ನೂ ಸೌರವ್ಯೂಹದ ದ್ರವ್ಯಕೇಂದ್ರದಲ್ಲಿ ಕುಳಿತು ನೋಡಿದಂತೆ ತಿದ್ದದೆ ಮುಂದಿನ ಲೆಕ್ಕಕ್ಕೆ ಕೈ ಹಾಕುವಂತಿಲ್ಲ.

ಈ ಲಯವನ್ನು 1987ರಲ್ಲಿ ಪ್ರಕಟಿಸಿದವರು ಬಳಸಿದ್ದು ಯುರೋಪಿನ ಎಕ್ಸೋಸ್ಯಾಟ್ ಉಪಗ್ರಹವನ್ನು. ಒಂದು ಸುತ್ತಿಗೆ ಸುಮಾರು ನಾಲ್ಕು ದಿನ ತೆಗೆದುಕೊಳ್ಳುತ್ತಿದ್ದ ಅದರ ನೀಳ ಕಕ್ಷೆಯಿಂದಾಗಿ ಗಂಟೆಗಟ್ಟಲೆ ಅಡೆತಡೆಯಿಲ್ಲದೆ ನೋಡಲು ಸಾಧ್ಯವಾಯಿತು. ಅನಂತರ ಹಳೆಯ ಉಪಗ್ರಹಗಳ ದತ್ತಾಂಶದಲ್ಲೂ, ಬೇರೆ ದೇಶಗಳ ಬೇರೆ ಉಪಕರಣಗಳಲ್ಲೂ ಅದೇ ಲಯ ಸಿಕ್ಕಿತು. ಇಷ್ಟೊಂದು ಯಂತ್ರಗಳು ಒಂದೇ ಸುಳ್ಳನ್ನು ಹೇಳಲು ಕಾರಣವಿಲ್ಲ.

ಶ್ವೇತಕುಬ್ಜ ದ್ರವ್ಯ ಕಳೆದುಕೊಂಡಂತೆ ಕಕ್ಷೆ ಹಿಗ್ಗಿ 685 ಸೆಕೆಂಡಿನ ಆ ಅವಧಿ ನಿಧಾನವಾಗಿ ಹೆಚ್ಚಬೇಕಿತ್ತು. ಅಳೆದು ನೋಡಿದರೆ ಅದು ಕಡಿಮೆಯಾಗುತ್ತಿದೆ. ಗುಚ್ಛದ ಗುರುತ್ವ ಆ ಜೋಡಿಯನ್ನು ನಮ್ಮ ಕಡೆಗೆ ಎಳೆಯುತ್ತಿರುವುದರಿಂದ ಹಾಗೆ ತೋರುತ್ತದೆ ಎಂಬುದು ಒಂದು ವಿವರಣೆ. ಅಷ್ಟು ಬಲವಾಗಿ ಎಳೆಯುವಷ್ಟು ದ್ರವ್ಯ ಆ ಗುಚ್ಛದ ನಡುವೆ ಯಾವ ರೂಪದಲ್ಲಿದೆ ಎಂಬ ವಾದ ಇನ್ನೂ ನಡೆದೇ ಇದೆ.