ತುರಿಸದ ಕಜ್ಜಿ

ಪುನರ್ವಸು ಮಳೆ ಹಿಡಿದು ವಾರ ದಾಟಿತ್ತು. ಅರಕಲಗೂಡು ಕಡೆಯ ಒಂದು ಮನೆ. ಕೊಟ್ಟಿಗೆಯ ಮೂಲೆಯಲ್ಲಿ ಮಂಕರಿ ಕವುಚಿ ಹಾಕಿದ್ದರು, ಅದರೊಳಗೆ ಐದು ವಾರದ ಕಂದು ಹೆಣ್ಣು ಮೇಕೆಮರಿ. ಮೊದಲು ಕಿವಿತುದಿಯಲ್ಲಿ ಅಕ್ಕಿಕಾಳಿನಷ್ಟು ಹಕ್ಕಳೆ ಕಂಡಿತ್ತಂತೆ. ಆಮೇಲೆ ಮೂಗಿನ ಮೇಲೆ, ಈಗ ಹೆಗಲಿಂದ ಬಾಲದವರೆಗೆ ಬೆನ್ನುದ್ದಕ್ಕೂ. ಮರಿ ಹಾಲು ಕುಡಿಯುತ್ತಿತ್ತು, ಹಿಕ್ಕೆ ಸರಿಯಾಗಿತ್ತು, ಬಿಟ್ಟರೆ ಜಿಗಿಯುತ್ತಿತ್ತು. ಬೆನ್ನು ಮುಟ್ಟಿದರೆ ಮಾತ್ರ ಕುಗ್ಗುತ್ತಿತ್ತು.

ಊರಲ್ಲಿ ಇಂಥದ್ದಕ್ಕೆ ಹೆಸರಿಡಲು ತಡವಾಗುವುದಿಲ್ಲ. ಮನೆಯ ಅಜ್ಜಿ "ಅಮ್ಮ ಆಗೈತೆ, ಬೇವಿನ ಸೊಪ್ಪು ಕಟ್ರಿ" ಅಂದರು. ಪಕ್ಕದ ಮನೆಯವರು ಹುಳುಕಡ್ಡಿ ಅಂದರು. ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನವನು, "ಕಜ್ಜೀನೇ ಕಣಣ್ಣ, ಸುಟ್ಟ ಇಂಜಿನ್ ಆಯಿಲ್ ಹಚ್ಚು, ಎರಡೇ ದಿನ" ಅಂದ. ಮನೆಯವರೂ ಕಜ್ಜಿ ಎಂದೇ ನಂಬಿ ಕಜ್ಜಿಹುಳ ಸಾಯಿಸುವ ಐವರ್ಮೆಕ್ಟಿನ್ ಸೂಜಿ ಹಾಕಿಸಿ ಎಂಟು ದಿನವಾಗಿತ್ತು. ಅಷ್ಟು ದಿನಕ್ಕೆ ಕಜ್ಜಿ ಪೂರ್ತಿ ವಾಸಿಯಾಗದಿದ್ದರೂ ತುರಿಕೆಯಾದರೂ ಇಳಿಯಬೇಕು. ಇಲ್ಲಿ ಇಳಿಯಲು ತುರಿಕೆಯೇ ಇರಲಿಲ್ಲ, ಗುಟ್ಟು ಇದ್ದದ್ದೇ ಅಲ್ಲಿ.

ಕಜ್ಜಿ ಹಿಡಿದ ಮೇಕೆ ಸುಮ್ಮನೆ ನಿಲ್ಲುವುದಿಲ್ಲ. ಕಂಬಕ್ಕೆ ಮೈ ತಿಕ್ಕುತ್ತದೆ, ಹಿಂಗಾಲಿನಿಂದ ಕಿವಿ ಕೆರೆಯುತ್ತದೆ, ನಾವು ಬೆರಳಿನಿಂದ ಕೆರೆದುಕೊಟ್ಟರೆ ತುಟಿ ಅಲ್ಲಾಡಿಸುತ್ತದೆ. ಈ ಮರಿಯನ್ನು ಹತ್ತು ನಿಮಿಷ ನೋಡಿದರೂ ಒಮ್ಮೆಯೂ ಕೆರೆದುಕೊಳ್ಳಲಿಲ್ಲ. ಕೂದಲು ಬಿಡಿಸಿ ಕತ್ತು, ಬೆನ್ನು ಹುಡುಕಿದಾಗ ಹೇನಾಗಲಿ ಸೀರಾಗಲಿ ಸಿಗಲಿಲ್ಲ. ಹುಳುಕಡ್ಡಿಯಾದರೆ ಕಲೆ ದುಂಡಗೆ, ಬೂದಿ ಬಳಿದ ಹಾಗೆ ಇರುತ್ತದೆ, ಕೂದಲು ಬುಡದಲ್ಲಿ ತುಂಡಾಗಿರುತ್ತದೆ. ಸಿಡುಬಾದರೆ ಜೋರು ಜ್ವರ ಇರಬೇಕು, ಕೂದಲಿಲ್ಲದ ಕಡೆ, ಬಾಲದಡಿ, ತೊಡೆಸಂದಿಯಲ್ಲಿ ಗಟ್ಟಿ ಗಂಟು ಕೈಗೆ ಸಿಗಬೇಕು. ಥರ್ಮಾಮೀಟರ್ 102.6 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಮನುಷ್ಯರಿಗೆ ಅದು ಜ್ವರ, ಮೇಕೆಗೆ ಮಾಮೂಲು. ಇನ್ನು ಓರ್ಫ್ ಎಂಬ ಬಾಯಿಹುಣ್ಣು. ಅದು ತುಟಿಯ ಅಂಚಿನಲ್ಲಿ ಶುರುವಾಗುತ್ತದೆ, ಹಾಲು ಕುಡಿಯುವ ಮರಿಯಿಂದ ತಾಯಿಯ ಮೊಲೆತೊಟ್ಟಿಗೂ ಹತ್ತುತ್ತದೆ. ಇದರ ತುಟಿ, ತಾಯಿಯ ಕೆಚ್ಚಲು ಎರಡೂ ಚೊಕ್ಕವಾಗಿದ್ದವು.

ಕೈಗವಸು ಹಾಕಿಕೊಂಡು ಬೆನ್ನಿನ ಮೇಲಿನ ಒಂದು ಹಕ್ಕಳೆಯನ್ನು ಬುಡದಿಂದ ಮೆಲ್ಲಗೆ ಎತ್ತಿದಾಗ ಅದು ಕೂದಲ ಸಮೇತ ಬಂತು. ಬಣ್ಣ ಒಣಗಿ ಗಟ್ಟಿಯಾದ ಹಳೇ ಬ್ರಷ್ಷಿನ ಹಾಗೆ ಏಳೆಂಟು ಕೂದಲು ಒಟ್ಟಿಗೆ ಅಂಟಿಕೊಂಡಿದ್ದವು. ಹಕ್ಕಳೆಯ ಅಡಿಭಾಗ ಪುಟ್ಟ ಬಟ್ಟಲಿನಂತೆ ತಗ್ಗಾಗಿ, ಹಳದಿ ಪಸೆ ಹಿಡಿದಿತ್ತು. ಅದು ಕಿತ್ತು ಬಂದ ಜಾಗದ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ಒದ್ದೆಯಾಗಿತ್ತು. ಮಳೆಗಾಲ, ತುರಿಕೆ ಇಲ್ಲ, ಹನಿ ಬೀಳುವ ಬೆನ್ನು ಮತ್ತು ಕಿವಿ, ಬ್ರಷ್ಷಿನಂಥ ಹಕ್ಕಳೆ. ಇಷ್ಟು ಒಟ್ಟಿಗೆ ಸಿಕ್ಕರೆ ಮೊದಲು ನೆನಪಾಗಬೇಕಾದದ್ದು ಡರ್ಮಟೊಫಿಲೋಸಿಸ್ ಎಂಬ ಚರ್ಮರೋಗ.

ರೋಗಾಣುವಿನ ಹೆಸರು ಡರ್ಮಟೊಫಿಲಸ್ ಕಾಂಗೊಲೆನ್ಸಿಸ್. 1915ರಲ್ಲಿ ಆಗಿನ ಬೆಲ್ಜಿಯನ್ ಕಾಂಗೊದ ದನಗಳಲ್ಲಿ ಮೊದಲು ವರ್ಣಿಸಿದ್ದರಿಂದ ಬಂದ ಹೆಸರು. ಶಿಲೀಂಧ್ರದ ಹಾಗೆ ಕವಲೊಡೆದು ಬೆಳೆದರೂ ಇದು ಬ್ಯಾಕ್ಟೀರಿಯಾ. ಹಾಗಾಗಿ ಶಿಲೀಂಧ್ರ ಕೊಲ್ಲುವ ಹುಳುಕಡ್ಡಿಯ ಮುಲಾಮು ಇದಕ್ಕೆ ತಕ್ಕ ಮದ್ದಲ್ಲ. ಒಣ ಹಕ್ಕಳೆಯೊಳಗೆ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತದೆ. ನೀರು ಬಿದ್ದೊಡನೆ ಈಜಬಲ್ಲ ಬೀಜಾಣುಗಳನ್ನು ಹೊರಬಿಡುತ್ತದೆ. ನೆನೆದು ಮೆತ್ತಗಾದ ಚರ್ಮ, ಮುಳ್ಳು ಗೀರಿದ ಗಾಯ, ಉಣ್ಣಿ ಕಚ್ಚಿದ ತೂತು, ಇವೇ ಅದರ ಬಾಗಿಲು. ಮರಿಗೆ ಹುಷಾರಿಲ್ಲವೆಂದು ದಿನಾ ಬರೀ ನೀರು ಹಾಕಿ ತೊಳೆಯುವವರ ಮನೆಯಲ್ಲಿ ಇದು ಜಾಸ್ತಿಯಾಗುವುದು ಅದಕ್ಕೇ.

ಕಣ್ಣಂದಾಜು ಸಾಲದು. ಎರಡು ಹಕ್ಕಳೆಗಳನ್ನು ಕಾಗದದ ಲಕೋಟೆಯಲ್ಲಿ ಹಾಕಿ ತಾಲ್ಲೂಕು ಪಶು ಆಸ್ಪತ್ರೆಗೆ ಕಳಿಸಲಾಯಿತು. ಪ್ಲಾಸ್ಟಿಕ್ ಕವರಾದರೆ ಬೆವತು ಬೇರೆ ಬೂಷ್ಟು ಬೆಳೆಯುತ್ತದೆ. ಹಕ್ಕಳೆಯನ್ನು ಒಂದು ಹನಿ ನೀರಿನಲ್ಲಿ ಅರೆದು, ಗಾಜಿನ ಪಟ್ಟಿಗೆ ಬಳಿದು, ಜಿಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೈಲು ಹಳಿಯ ಹಾಗೆ ಜೋಡಿ ಸಾಲಿನಲ್ಲಿ ಚುಕ್ಕೆಗಳು ಕಾಣುತ್ತವೆ. ಇದರಲ್ಲಿ ಕಂಡವು. ಆಸ್ಪತ್ರೆ ದೂರವಿದ್ದವರು 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಮನೆ ಬಾಗಿಲಿಗೇ ಬರುತ್ತದೆ.

ಔಷಧಿಗೆ ಮುಂಚೆ ತೂಕ. ಮರಿಯನ್ನು ಎತ್ತಿಕೊಂಡು ಮನುಷ್ಯರ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಮರಿ ಬಿಟ್ಟು ನಿಂತು, ವ್ಯತ್ಯಾಸ ತೆಗೆದರೆ ಆಯಿತು. ಇದು 4.8 ಕಿಲೋ ಬಂತು. ಕಜ್ಜಿಗೆಂದು ಹಾಕಿದ್ದ ಐವರ್ಮೆಕ್ಟಿನ್ ಲೆಕ್ಕವನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಅದು ತಪ್ಪಿದರೆ ಮರಿಗಳು ಸಾಯುತ್ತವೆ. ಶೇಕಡಾ 1ರ ಸೂಜಿಮದ್ದು 50 ಕಿಲೋ ತೂಕಕ್ಕೆ 1 ಎಂಎಲ್, ಚರ್ಮದಡಿಗೆ. 5 ಕಿಲೋ ಮರಿಗೆ 0.1 ಎಂಎಲ್ ಮಾತ್ರ. 5 ಎಂಎಲ್ ಸಿರಿಂಜಿನಲ್ಲಿ ಅಷ್ಟು ಅಳೆಯಲು ಯಾರಿಂದಲೂ ಆಗದು. "ಒಂದು ಚೂರು" ಎಂದು ಎಳೆದದ್ದು ಅರ್ಧ ಎಂಎಲ್ ಆದರೆ ಐದು ಪಟ್ಟು. ಮರಿ ತೂರಾಡುತ್ತದೆ, ಜೊಲ್ಲು ಸುರಿಸುತ್ತದೆ, ಮಲಗಿಬಿಡುತ್ತದೆ. ಇನ್ಸುಲಿನ್ ಸಿರಿಂಜ್ ಬಳಸಬಹುದು, ಆದರೆ ಅದರಲ್ಲಿ ಎರಡು ಬಗೆ ಇವೆ. ಒಂದು ಎಂಎಲ್‌ಗೆ 40 ಯೂನಿಟ್ ಇರುವ ಸಿರಿಂಜಿನಲ್ಲಿ 0.1 ಎಂಎಲ್ ಅಂದರೆ 4 ಯೂನಿಟ್, 100 ಯೂನಿಟ್ ಇರುವುದರಲ್ಲಿ 10. ಪುಣ್ಯಕ್ಕೆ ಈ ಮರಿಗೆ ಸರಿಯಾಗಿಯೇ ಹಾಕಿದ್ದರು.

ಪಶುವೈದ್ಯರು ಬರೆದದ್ದು ಪೆನಿಸಿಲಿನ್ ಗುಂಪಿನ ಸೂಜಿ, ದಿನಕ್ಕೊಂದು, 5 ದಿನ. ಹೆಚ್ಚಾಗಿದ್ದ ಬೆನ್ನಿಗೆ ಅದು ಬೇಕಿತ್ತು. ಕಿವಿಯಲ್ಲಿ ಒಂದೆರಡು ಚುಕ್ಕೆ ಇದ್ದಾಗಲೇ ಹಿಡಿದರೆ ಒಣಗಿಸುವುದರಿಂದಲೇ ವಾಸಿಯಾಗುವುದುಂಟು. ಎಳೆಮರಿಗೆ ಸೂಜಿಯನ್ನು ತೊಡೆಗೆ ಹಾಕಬಾರದು. ಮಾಂಸ ತೆಳುವಾಗಿದ್ದು ನರಕ್ಕೆ ತಾಗಿದರೆ ಕಾಲೆಳೆಯುತ್ತದೆ. ಕತ್ತಿನ ಪಕ್ಕಕ್ಕೆ, ದಿನಕ್ಕೊಂದು ಬದಿ ಬದಲಿಸಿ ಹಾಕಬೇಕು.

ತೊಳೆಯುವುದೇ ದೊಡ್ಡ ಕೆಲಸ. ಹೊತ್ತು ಏರಿದ ಮೇಲೆ, ಹನ್ನೊಂದರ ಸುಮಾರಿಗೆ, ಒಲೆಯಿರುವ ಕೋಣೆಯಲ್ಲಿ. ಇಡೀ ಮೈ ತೋಯಿಸಬಾರದು, ಐದು ಕಿಲೋದ ಜೀವ ಚಳಿಗೆ ಬೇಗ ಬಿದ್ದುಹೋಗುತ್ತದೆ. ಬೆಚ್ಚಗಿನ ಸೋಪು ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಕ್ಕಳೆಯ ಮೇಲೆ ಹತ್ತು ನಿಮಿಷ ಒತ್ತಿ ಹಿಡಿದರೆ ಅದು ತಾನಾಗಿ ಸಡಿಲುತ್ತದೆ. ಬಂದಷ್ಟು ತೆಗೆದು, ಬಾರದ್ದನ್ನು ನಾಳೆಗೆ ಬಿಡಬೇಕು. ಒಣಗಿದ್ದನ್ನು ಕಿತ್ತರೆ ರಕ್ತ, ರಕ್ತಕ್ಕೆ ನೊಣ, ನೊಣದಿಂದ ಹುಳ. ಆಮೇಲೆ 100 ಎಂಎಲ್ ಉಗುರುಬೆಚ್ಚನೆ ನೀರಿಗೆ 10 ಎಂಎಲ್ ಪೊವಿಡೋನ್ ಅಯೊಡಿನ್ ಬೆರೆಸಿ, ಹಾಲಿಲ್ಲದ ಟೀ ಬಣ್ಣ ಬಂದ ಆ ನೀರಿನಿಂದ ಒರೆಸಿ ಐದು ನಿಮಿಷ ಬಿಡುವುದು. ಕೊನೆಗೆ ಹಳೇ ಪಂಚೆಯಿಂದ ಒತ್ತಿ ಪೂರ್ತಿ ಒಣಗಿಸುವುದು. ಈ ಕೊನೆಯ ಹೆಜ್ಜೆ ತಪ್ಪಿದರೆ ಹಿಂದಿನದೆಲ್ಲ ದಂಡ. ಉದುರಿದ ಹಕ್ಕಳೆ ಕಾಗದದ ಮೇಲೆ ಬೀಳುವಂತೆ ನೋಡಿಕೊಂಡು ಒಲೆಗೆ ಹಾಕಬೇಕು, ಕಸದ ಗುಂಡಿಗಲ್ಲ. ಇದು ಮನುಷ್ಯರ ಕೈಗೂ ಹತ್ತುತ್ತದೆ, ಕೈಗವಸು ಇಲ್ಲದೆ ಮುಟ್ಟಬಾರದು.

ಟ್ರ್ಯಾಕ್ಟರಿನವನ ಆಯಿಲ್ ಹಚ್ಚಿದ್ದರೆ? ಹಕ್ಕಳೆಯಡಿ ಪಸೆ ಸಿಕ್ಕಿಹಾಕಿಕೊಂಡು ಇನ್ನಷ್ಟು ಕೀವಾಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಮರಿ ತನ್ನ ಮೈ ನೆಕ್ಕುತ್ತದೆ, ತಾಯಿಯೂ ಮರಿಯ ಮೈ ನೆಕ್ಕುತ್ತದೆ. ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಯಿತೆಂದೇ ಲೆಕ್ಕ. ಸೀಮೆಎಣ್ಣೆ, ಮೈಲುತುತ್ತದ ಗಟ್ಟಿ ನೀರು, ಫಿನಾಯಿಲ್, ಎಲ್ಲಕ್ಕೂ ಇದೇ ಮಾತು. ಅಜ್ಜಿಯ ಬೇವಿನಸೊಪ್ಪು ಮಾತ್ರ ಬಾಗಿಲಲ್ಲಿ ತೂಗಿಕೊಂಡೇ ಇತ್ತು, ಅದರಿಂದ ಯಾರಿಗೂ ತೊಂದರೆಯಿಲ್ಲ.

ಮಂಕರಿಯಡಿ ಹಾಸಿದ್ದ ಗೋಣಿಚೀಲ ಹಿಂಡಿದರೆ ನೀರು ಬರುವಂತಿತ್ತು. ಅದರ ನೇರ ಮೇಲೆ ಶೀಟಿನ ಮೊಳೆ ತೂತು. ಮರಿಯ ಬೆನ್ನಿನ ಮೇಲಿನ ಹಕ್ಕಳೆಯ ಸಾಲು ಆ ಹನಿ ಬೀಳುವ ಜಾಗಕ್ಕೆ ಹೇಳಿ ಮಾಡಿಸಿದಂತಿತ್ತು. ತೂತಿಗೆ ಡಾಂಬರು ಮೆತ್ತಿ, ಗೋಣಿ ಸುಟ್ಟು, ನೆಲಕ್ಕೆ ಸುಣ್ಣದ ಪುಡಿ ಎರಚಿ, ಮೇಲೆ ನಾಲ್ಕು ಬೆರಳು ದಪ್ಪ ಒಣಹುಲ್ಲು ಹಾಸಲಾಯಿತು. ಹುಲ್ಲು ದಿನಾ ಬದಲಿಸಬೇಕು. ನೆಲದಿಂದ ಎತ್ತರಕ್ಕೆ ಪಟ್ಟಿ ಜೋಡಿಸಿ ಅಟ್ಟಣಿಗೆ ಮಾಡುವವರು ಮರಿಗಳ ಕಡೆ ಪಟ್ಟಿಗಳ ನಡುವೆ ಅರ್ಧ ಅಂಗುಲಕ್ಕಿಂತ ಹೆಚ್ಚು ಸಂದು ಬಿಡಬಾರದು, ಗೊರಸು ಸಿಕ್ಕಿ ಕಾಲು ಮುರಿಯುತ್ತದೆ.

ನಾಲ್ಕನೇ ದಿನಕ್ಕೆ ಪಸೆ ನಿಂತಿತು. ಹತ್ತನೇ ದಿನಕ್ಕೆ ಬೆನ್ನಿನ ಹಕ್ಕಳೆಗಳು ಮುಟ್ಟಿದರೆ ಉದುರುವಂತಾದವು, ಅಡಿಯಲ್ಲಿ ಒಣ ಚರ್ಮ. ಹದಿನೆಂಟನೇ ದಿನ ಬೋಳು ಜಾಗದಲ್ಲಿ ಹೊಸ ಕೂದಲು ಚುಚ್ಚತೊಡಗಿತ್ತು. ಅದೇ ದಿನ ತಾಯಿಯ ಎಡಗಿವಿಯ ತುದಿಯನ್ನು ಬೆರಳಲ್ಲಿ ಸವರಿದಾಗ ಎಳ್ಳುಕಾಳಿನಷ್ಟು ಒರಟು ಸಿಕ್ಕಿತು. ಎತ್ತಿದರೆ ಮೂರು ಕೂದಲ ಜೊತೆ ಬಂತು. ಮತ್ತೆ ನೀರು ಕಾಯಿಸಲು ಇಟ್ಟರು.